ಮೀನಿನ ಗುಣ, ಬಲೆಯ ಕಣ್ಣು

ಬೂತಾಯಿ ಗಾಳಕ್ಕೆ ಬೀಳುವ ಮೀನಲ್ಲ. ಕೊಕ್ಕೆಗೆ ಎಷ್ಟೇ ತಾಜಾ ಸಿಗಡಿ ಚುಚ್ಚಿ ಇಳಿಬಿಟ್ಟರೂ ಅದು ತಿರುಗಿ ನೋಡದು. ಅದರ ಕಿವಿರಿನ ಒಳಬದಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಸಣ್ಣ ಕಡ್ಡಿಗಳ ಸಾಲಿದೆ. ಬಾಯಿ ತೆರೆದು ಈಜುತ್ತ, ನೀರನ್ನು ಈ ಕಡ್ಡಿಗಳಲ್ಲಿ ಸೋಸಿ, ಬರಿಗಣ್ಣಿಗೆ ಕಾಣದ ಪಾಚಿಯನ್ನು ತಿಂದು ಅದು ಬದುಕುತ್ತದೆ. ಅಂಜಲ್ ಹಾಗಲ್ಲ, ಅದು ಬೇಟೆಗಾರ. ಓಡುವ ದೋಣಿಯ ಹಿಂದೆ ಎಳೆದುಕೊಂಡು ಹೋಗುವ ಗಾಳವನ್ನು ಓಡುವ ಮರಿಮೀನೆಂದು ಬಗೆದು ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ. ಮೀನು ಏನು ತಿನ್ನುತ್ತದೆ, ಎಲ್ಲಿ ಇರುತ್ತದೆ, ಹೆದರಿದಾಗ ಎತ್ತ ಓಡುತ್ತದೆ ಎಂಬುದನ್ನು ನೋಡಿ ನೋಡಿಯೇ ಮನುಷ್ಯ ಒಂದೊಂದು ಸಾಧನವನ್ನು ಕಟ್ಟಿದ್ದಾನೆ.

ಮಲೆನಾಡಿನ ಕೂಳಿಯನ್ನೇ ನೋಡಿ. ಮೊದಲ ಮಳೆಗೆ ಹೊಸನೀರು ಇಳಿಯುವಾಗ ಮೊಟ್ಟೆಯಿಡಲು ಪ್ರವಾಹದ ಎದುರು ಹತ್ತುವ ಮೀನಿಗೆ ಒಡ್ಡುವ ಬಿದಿರಿನ ಬುಟ್ಟಿ ಅದು. ಬಾಯಲ್ಲಿ ಒಳಮುಖವಾಗಿ ಬಾಗಿದ ಸೀಳುಕಡ್ಡಿಗಳಿರುತ್ತವೆ. ಒಳಹೋಗುವ ಮೀನಿಗೆ ಅವು ದಾರಿ ಬಿಡುತ್ತವೆ, ಹೊರಬರುವಾಗ ಚುಚ್ಚುತ್ತವೆ.

ಗುಂಪಿನಲ್ಲಿ ಬರುವ ಬೂತಾಯಿ, ಬಂಗುಡೆಗಳನ್ನು ಸುತ್ತುವರಿದೇ ಹಿಡಿಯಬೇಕು. ಕರಾವಳಿಯ ರಂಪಣಿ ಇದಕ್ಕಾಗಿಯೇ ಹುಟ್ಟಿದ ದೊಡ್ಡ ಬಲೆ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬಂದು, ಎರಡೂ ತುದಿಯ ಹಗ್ಗವನ್ನು ದಡದಿಂದ ಹತ್ತಾರು ಜನ ಸೇರಿ ಎಳೆಯುತ್ತಿದ್ದರು. ಹೆದರಿದ ಮೀನು ಕೆಳಕ್ಕೆ ಧುಮುಕುತ್ತದೆ. ಆದರೆ ಅಲ್ಲಿ ನೀರು ಆಳವಿಲ್ಲ, ಮರಳಿನ ತಳವೇ ಬಲೆಗೆ ಅಡಿಯಾಗುತ್ತದೆ. ಆದ್ದರಿಂದ ರಂಪಣಿ ದಡ ಬಿಟ್ಟು ದೂರ ಹೋಗಲಾರದು. ಮೀನು ತಾನಾಗಿ ದಡಕ್ಕೆ ಬಂದರೆ ಮಾತ್ರ ಊರಿಗೆ ಪಾಲು.

1970ರ ದಶಕದ ಉತ್ತರಾರ್ಧದಲ್ಲಿ ಬಂದ ಪರ್ಸೀನ್ ಬಲೆ ಈ ಮಿತಿಯನ್ನು ಮುರಿಯಿತು. ಇದರ ಮೇಲಂಚಿನಲ್ಲಿ ತೇಲುಬೆಂಡು, ಕೆಳಗೆ ತೂಕದ ಗುಂಡು, ಅದರ ಜೊತೆಗೆ ಬಳೆಗಳ ಸಾಲು. ಬಳೆಗಳೊಳಗೆ ಪೋಣಿಸಿದ ಹಗ್ಗವನ್ನು ಎಳೆದರೆ ಎಲೆಯಡಿಕೆ ಸಂಚಿಯ ಬಾಯಿ ಮುಚ್ಚಿದಂತೆ ಬಲೆಯ ಅಡಿ ಮುಚ್ಚಿಕೊಳ್ಳುತ್ತದೆ. ಸಮುದ್ರದ ತಳ ಬೇಕಾಗಿಲ್ಲ, ದಡವೂ ಬೇಕಾಗಿಲ್ಲ. ಗುಂಪು ತೀರಕ್ಕೆ ಬರುವ ಮೊದಲೇ ಆಳದಲ್ಲಿ ಹಿಡಿಯಬಹುದು. ರಂಪಣಿಗಳು ಒಂದೊಂದಾಗಿ ಬರಿದಾದವು. ಅದರ ಜೊತೆಗೆ ಇಡೀ ಕೇರಿ ಒಂದಾಗಿ ದುಡಿಯುವ ಒಂದು ಪದ್ಧತಿಯೂ ಕರಗಿತು. ಈ ನಷ್ಟವನ್ನು ನಾವು ಸಾಕಷ್ಟು ಲೆಕ್ಕಕ್ಕೆ ಹಿಡಿದಿಲ್ಲವೆಂದೇ ನನ್ನ ಭಾವನೆ. ಇಂದು ಉಳಿದಿರುವುದು ಅದರ ಚಿಕ್ಕ ರೂಪವಾದ ಕೈರಂಪಣಿ.

ಸಿಗಡಿ, ನಂಗ್‌ಗಳಂತೆ ತಳಕ್ಕೆ ಅಂಟಿಕೊಂಡು ಬದುಕುವ ಜೀವಿಗಳಿಗೆ ಟ್ರಾಲ್ ಬಲೆ. ಬೋಟಿನ ಹಿಂದೆ ಎಳೆಯುವ ಈ ಉದ್ದನೆಯ ಚೀಲದ ಬಾಯನ್ನು ಅಗಲಿಸುವುದು ಎರಡು ಹಲಗೆಗಳು. ಓರೆಯಾಗಿ ಕಟ್ಟಿದ ಹಲಗೆಗಳನ್ನು, ಗಾಳಿಪಟವನ್ನು ಗಾಳಿ ಎತ್ತುವಂತೆ, ನೀರಿನ ಒತ್ತಡ ಆಚೀಚೆ ತಳ್ಳುತ್ತದೆ. ಆದರೆ ತಳ ಗುಡಿಸುವ ಬಲೆಗೆ ಸಿಗಡಿ ಯಾವುದು, ಮರಿಮೀನು ಯಾವುದು ಎಂಬ ಭೇದವಿಲ್ಲ.

ಆ ಭೇದ ಮಾಡುವುದು ಬಲೆಯ ಕಣ್ಣು. ಪಟ್ಟೆಬಲೆಯಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ನೀರಿನಲ್ಲಿ ಗೋಡೆಯಂತೆ ನಿಂತ ಈ ಬಲೆಗೆ ಮೀನು ತಲೆ ತೂರಿಸುತ್ತದೆ, ಮುಂದೆ ಹೋಗಲು ಹೊಟ್ಟೆ ಬಿಡದು, ಹಿಂದೆ ಸರಿದರೆ ದಾರ ಕಿವಿರಿಗೆ ಸಿಕ್ಕುತ್ತದೆ. ಕಣ್ಣಿಗಿಂತ ಸಣ್ಣದು ಪಾರಾಗುತ್ತದೆ, ತೀರಾ ದೊಡ್ಡದರ ತಲೆಯೇ ಒಳಹೋಗದು. ಟ್ರಾಲ್ ಬಲೆಯಲ್ಲಿ ಹೀಗಾಗದು. ಈರುಳ್ಳಿಯ ಬಲೆಚೀಲವನ್ನು ಎರಡೂ ತುದಿ ಹಿಡಿದು ಎಳೆದು ನೋಡಿ, ವಜ್ರಾಕಾರದ ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ಎಳೆಯುವ ಬಲೆಯ ತುದಿಯಲ್ಲೂ ಅದೇ ಆಗಿ ಮರಿಗಳು ಒಳಗೇ ಉಳಿಯುತ್ತವೆ. ತುದಿಚೀಲಕ್ಕೆ ಚೌಕ ಕಣ್ಣಿನ ಬಲೆ ಹಾಕಿದರೆ ಎಳೆದಾಗಲೂ ಕಣ್ಣು ತೆರೆದೇ ಇರುತ್ತದೆ. ದುಬಾರಿ ಯಂತ್ರವಿಲ್ಲದ ಇಷ್ಟು ಸರಳ ಪರಿಹಾರ ಎಲ್ಲ ಬೋಟುಗಳಿಗೂ ಬರಬೇಕು.

ಪ್ರಖರ ಎಲ್‌ಇಡಿ ದೀಪ ಬಿಟ್ಟು ಮೀನನ್ನು ಸೆಳೆದು ಹಿಡಿಯುವುದು ಇದಕ್ಕೆ ಪೂರ್ತಿ ವಿರುದ್ಧವಾದ ದಾರಿ. ಬೆಳಕಿಗೆ ಸಣ್ಣ ಜೀವಿಗಳು ಸೇರುತ್ತವೆ, ಅವನ್ನು ತಿನ್ನಲು ಮರಿಗಳು, ಮರಿಗಳ ಹಿಂದೆ ದೊಡ್ಡವು. ಕೇಂದ್ರ ಸರ್ಕಾರ 2017ರಲ್ಲಿ ಇದನ್ನು ನಿಷೇಧಿಸಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯದಿರುವುದೂ ಮೀನಿಗೆ ಮರಿ ಮಾಡಲು ಬಿಡುವು ಕೊಡಲೆಂದೇ.

ಕೊಳ್ಳುವವರ ಕೈಯಲ್ಲೂ ಒಂದು ಅಳತೆಗೋಲಿದೆ. ಅಂಜಲ್ ಮೊದಲ ಬಾರಿ ಮೊಟ್ಟೆಯಿಡುವುದು ಸುಮಾರು 70 ಸೆಂಟಿಮೀಟರ್ ಬೆಳೆದ ಮೇಲೆ, ಅಂದರೆ ಒಂದೂವರೆ ಮೊಳ. ಮಾರುಕಟ್ಟೆಯಲ್ಲಿ ಒಂದು ಮೊಳವೂ ತುಂಬದ ಅಂಜಲ್ ಮರಿ ಅಗ್ಗಕ್ಕೆ ಸಿಕ್ಕರೂ ದಯವಿಟ್ಟು ಕೊಳ್ಳಬೇಡಿ.