ತುಟಿಯ ಗುಳ್ಳೆ: ಸೂತಕವಲ್ಲ, ಆದರೆ ಎಚ್ಚರಿಕೆ ಬೇಕು

ಮೈಸೂರಿನ ಒಂಟಿಕೊಪ್ಪಲ್ ಎಂದೊಡನೆ ನಾಡಿನ ಅನೇಕರಿಗೆ ನೆನಪಾಗುವುದು ಆ ಹೆಸರಿನ ಪಂಚಾಂಗ. ಕೆಲಕಾಲದ ಹಿಂದೆ ಅದೇ ಬಡಾವಣೆಯ ಪರಿಚಿತರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಶುಭಕಾರ್ಯಕ್ಕೆ ಹೋಗಿದ್ದೆನು. ಹುಟ್ಟಿ ಹನ್ನೆರಡು ದಿನಗಳಾದ ಶಿಶು. ಕಿವಿಯಲ್ಲಿ ಹೆಸರನ್ನು ಉಸುರಬೇಕಾಗಿದ್ದ ಸೋದರತ್ತೆ ಮಾತ್ರ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ದೂರ ನಿಂತಿದ್ದರು. ಅವರ ತುಟಿಯಂಚಿನಲ್ಲಿ ನೀರುಗುಳ್ಳೆಗಳೆದ್ದಿದ್ದವು. "ನಮ್ಮಲ್ಲಿ ಸೂತಕವಿಲ್ಲ, ಬಾ ತಾಯಿ" ಎಂದು ಹಿರಿಯರೊಬ್ಬರು ಕರೆದರು. "ಸೂತಕಕ್ಕಲ್ಲ ಅಜ್ಜಾ, ಕೂಸಿಗಾಗಿ" ಎಂದು ಆಕೆ ಉತ್ತರಿಸಿದರು.

ಆಕೆಯ ಮಾತು ಯಥಾರ್ಥವಾದುದು. ಈ ಗುಳ್ಳೆಯನ್ನು ಜನರು ಉಷ್ಣದ ಗುಳ್ಳೆ, ಜ್ವರದ ಗುಳ್ಳೆ ಎನ್ನುವುದುಂಟು. ಹಲ್ಲಿಯೋ ಜೇಡವೋ ಹರಿದುದರಿಂದ ಎದ್ದಿತೆನ್ನುವವರೂ ಉಂಟು. ವಾಸ್ತವದಲ್ಲಿ ಇದಕ್ಕೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಾಣು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನವರ ಪೈಕಿ ಸುಮಾರು 380 ಕೋಟಿ ಜನರಲ್ಲಿ ಇದರ ಒಂದನೆಯ ಬಗೆ ಇದೆ. ಬಹುತೇಕರಿಗೆ ಎಳೆವಯಸ್ಸಿನಲ್ಲಿಯೇ ಇದು ಅಂಟಿರುತ್ತದೆ. ಆದ್ದರಿಂದ ಇದರಲ್ಲಿ ನಾಚಿಕೆಪಡುವಂತಹುದೇನೂ ಇಲ್ಲ.

ಒಮ್ಮೆ ದೇಹವನ್ನು ಸೇರಿದ ವೈರಾಣು ಮುಖದ ನರದ ಬುಡದಲ್ಲಿ ಅಡಗಿ, ಜೀವಮಾನವಿಡೀ ಅಲ್ಲಿಯೇ ಇರುತ್ತದೆ. ಜ್ವರ, ಬಿರುಬಿಸಿಲು, ಆಯಾಸ, ಮನೋವ್ಯಥೆ ಮೊದಲಾದುವು ಒದಗಿದಾಗ ಮತ್ತೆ ಎಚ್ಚೆತ್ತು ತುಟಿಗೆ ಬರುತ್ತದೆ. ಮೊದಲು ಚುರುಚುರು ಉರಿ, ಬಳಿಕ ಗುಳ್ಳೆ, ಅದು ಒಡೆದು ಹಕ್ಕಳೆ. ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ತಾನಾಗಿಯೇ ಗುಣವಾಗುತ್ತದೆ.

ಚಿಕಿತ್ಸೆಗೆ ಅಸೈಕ್ಲೊವಿರ್ ಎಂಬ ಔಷಧವುಂಟು. ಇದರ ಶೋಧನೆಯಲ್ಲಿ ಪಾಲ್ಗೊಂಡ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇದರ ಮುಲಾಮನ್ನು ಉರಿ ಆರಂಭವಾದೊಡನೆ ದಿನಕ್ಕೆ ಐದು ಸಲ ಹಚ್ಚತೊಡಗಿದರೆ ಮಾತ್ರ ಸ್ವಲ್ಪ ಬೇಗ ವಾಸಿಯಾಗುತ್ತದೆ. ಗುಳ್ಳೆ ಪದೇ ಪದೇ ಬರುವವರಿಗೆ ವೈದ್ಯರು ಮಾತ್ರೆ ಕೊಡಬಹುದು. ತಣ್ಣನೆಯ ಒದ್ದೆಬಟ್ಟೆ ನೋವನ್ನು ಶಮನಗೊಳಿಸುತ್ತದೆ. ಬೆಣ್ಣೆ ಸವರಿದರೆ ಒಣಗಿದ ತುಟಿಗೆ ಹಿತ, ಆದರೆ ವೈರಾಣು ಸಾಯದು. ಸುಣ್ಣ ಹಚ್ಚಿದರೆ ಚರ್ಮ ಸುಡುತ್ತದೆ. ಸ್ಟೀರಾಯ್ಡ್ ಬೆರೆತ ಮುಲಾಮನ್ನು ವೈದ್ಯರನ್ನು ಕೇಳದೆ ಬಳಸಲಾಗದು.

ತಡೆಗಟ್ಟುವ ಬಗೆಯೂ ಸರಳವಾದುದೇ. ಹಕ್ಕಳೆಯನ್ನು ಕೀಳಬಾರದು. ಗುಳ್ಳೆಯನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಕಣ್ಣಿಗೆ ತಾಗಿಸಬಾರದು. ವೈರಾಣು ಕಣ್ಣಿಗೆ ಸೋಂಕಿದರೆ ದೃಷ್ಟಿಗೇ ಅಪಾಯ. ಲೋಟ, ಚಮಚ, ಟವೆಲುಗಳನ್ನು ಗುಣವಾಗುವವರೆಗೆ ಪ್ರತ್ಯೇಕವಾಗಿಡಬೇಕು. ಬಿಸಿಲಿನಿಂದ ಗುಳ್ಳೆ ಬರುವವರು ಕೊಡೆ ಹಿಡಿಯುವುದು, ಬಿಸಿಲು ತಡೆಯುವ ತುಟಿಲೇಪ ಹಚ್ಚುವುದು ಒಳಿತು.

ಎಲ್ಲಕ್ಕಿಂತ ಮುಖ್ಯವಾದುದು ನವಜಾತ ಶಿಶುವಿನ ರಕ್ಷಣೆ. ಮೊದಲ ನಾಲ್ಕು ವಾರಗಳಲ್ಲಿ ಕೂಸಿಗೆ ರೋಗನಿರೋಧಕ ಶಕ್ತಿ ಬಲು ಕಡಿಮೆ. ನಮಗೆ ಕ್ಷುಲ್ಲಕವಾದ ಈ ಸೋಂಕು ಅದರ ಮೆದುಳು, ಯಕೃತ್ತುಗಳಿಗೆ ಹರಡಿ ಪ್ರಾಣಕ್ಕೇ ಎರವಾಗಬಹುದು. ಗುಳ್ಳೆಯಿದ್ದವರು ಕೂಸಿಗೆ ಮುತ್ತಿಡಲೇಬಾರದು. ಗುಳ್ಳೆಯಿಲ್ಲದಾಗಲೂ ಜೊಲ್ಲಿನಲ್ಲಿ ವೈರಾಣು ಇರಬಹುದಾದುದರಿಂದ ಇತರರೂ ಹಾಗೆ ಮಾಡದಿರುವುದೇ ಲೇಸು. ತಾಯಿಗೇ ಗುಳ್ಳೆಯಿದ್ದರೆ ಬಾಯಿ ಮುಚ್ಚಿಕೊಂಡು, ಕೈ ತೊಳೆದು ಎದೆಹಾಲು ಕೊಡಬಹುದು. ಎದೆಯ ಮೇಲೆ ಗುಳ್ಳೆ ಇರಬಾರದಷ್ಟೆ. ಕೂಸು ಹಾಲು ಬಿಟ್ಟರೆ, ಮಂಕಾದರೆ, ಜ್ವರವೋ ಗುಳ್ಳೆಯೋ ಕಂಡರೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಅಲ್ಲಗಳೆದರು. ಆದುದರಿಂದಲೇ ನಮ್ಮ ಮನೆಗಳಲ್ಲಿ ಬಾಣಂತಿಯ ಕೋಣೆಗೆ ಎಲ್ಲರಿಗೂ ಪ್ರವೇಶವುಂಟು. ಹಾಗೆಂದು ರೋಗಾಣುವಿಲ್ಲವೆಂದು ಅವರು ಹೇಳಲಿಲ್ಲ. ಮನುಷ್ಯನನ್ನು ಮೈಲಿಗೆಯೆಂದು ದೂರವಿಡುವುದು ಸೂತಕ. ತನ್ನಿಂದ ಇನ್ನೊಂದು ಜೀವಕ್ಕೆ ನೋವಾಗದಿರಲೆಂದು ತಾನೇ ದೂರ ನಿಲ್ಲುವುದು ದಯೆ. ನಿಷೇಧದ ಕಟ್ಟಳೆ ಇಲ್ಲದ ಮನೆಯಲ್ಲಿ ಈ ವಿವೇಕದ ಹೊಣೆ ಪ್ರತಿಯೊಬ್ಬ ಅತಿಥಿಯದು.

ಅಂದು ಆ ಸೋದರತ್ತೆ ತೊಟ್ಟಿಲಿನಿಂದ ನಾಲ್ಕು ಮಾರು ದೂರದಲ್ಲಿ ನಿಂತು, ಕೂಸಿನ ಹೆಸರನ್ನು ಗಟ್ಟಿಯಾಗಿ ಕೂಗಿದರು. ಹೆಸರು ಕೂಸಿಗೂ ಕೇಳಿತು, ನೆರೆದವರೆಲ್ಲರಿಗೂ ಕೇಳಿತು. ಶಾಸ್ತ್ರಕ್ಕೆ ಯಾವ ಲೋಪವೂ ಆಗಲಿಲ್ಲ.