ಮೂಲೆಯ ವೀಣೆ ಮತ್ತೆ ಮಡಿಲಿಗೆ

ಹತ್ತು ಹದಿನೈದು ವರ್ಷ ಮೂಲೆಯಲ್ಲಿದ್ದ ವೀಣೆ ಮುಟ್ಟಿದ ಕೂಡಲೇ ನುಡಿಯುವುದಿಲ್ಲ. ತಂತಿ ತುಕ್ಕು ಹಿಡಿದಿರುತ್ತದೆ, ಬಿರಡೆ ಜಾರುತ್ತದೆ. 24 ಮೆಟ್ಟುಗಳನ್ನು ಹಿಡಿದಿಟ್ಟ ಮೇಣ ಬಿಸಿಲಿಗೆ ಸಡಿಲಗೊಂಡಿದ್ದರೆ ಸ್ವರಸ್ಥಾನವೇ ತಪ್ಪುತ್ತದೆ. ಹಾಗಾಗಿ ಮೊದಲ ಖರ್ಚು ರಿಪೇರಿಯದು, ಪಾಠದ್ದಲ್ಲ.

ಬೆರಳಿನ ಕಥೆಯೂ ಅದೇ. ಎಡಗೈ ತೋರುಬೆರಳು, ನಡುಬೆರಳುಗಳ ತುದಿಯಲ್ಲಿ ಗಟ್ಟಿಯಾಗಿದ್ದ ಚರ್ಮ ಈಗ ಮೆತ್ತಗಾಗಿರುತ್ತದೆ. ಮೊದಲ ದಿನವೇ ಗಂಟೆಗಟ್ಟಲೆ ತಂತಿ ಎಳೆದು ಗಮಕ ನುಡಿಸಿದರೆ ಅಲ್ಲಿ ಗೆರೆ ಬಿದ್ದು, ಮರುದಿನ ಆಫೀಸಿನ ಕೀಬೋರ್ಡ್ ಮುಟ್ಟಿದರೂ ಚುರುಕ್ಕೆನ್ನುತ್ತದೆ. ಮಾಯಾಮಾಳವಗೌಳದ ಸರಳೆ ವರಸೆ, ಜಂಟಿ ವರಸೆಗಳನ್ನು ಮೂರು ಕಾಲದಲ್ಲಿ ದಿನಕ್ಕೆ ಹದಿನೈದು ನಿಮಿಷ ನುಡಿಸಿದರೆ ಆರಂಭಕ್ಕೆ ಸಾಕು. ಕೃತಿ ತಲೆಯಲ್ಲಿರುತ್ತದೆ, ಕೈಗೆ ಬರುವುದಿಲ್ಲ. ಹಲವರು ಕೈಬಿಡುವುದು ಇಲ್ಲೇ.

ಅಭ್ಯಾಸದ ಸಮಯ ನುಂಗುವುದು ಕೆಲಸವೊಂದೇ ಅಲ್ಲ. ಸಂಗೀತಪ್ರಿಯರೇ ಸಭೆಗಳ ಸ್ವಯಂಸೇವಕರೂ ಆಗಿರುತ್ತಾರೆ. ಬೆಂಗಳೂರಿನಲ್ಲಿ ರಾಮನವಮಿ ಸಂಗೀತೋತ್ಸವ ಬಂತೆಂದರೆ ಕುರ್ಚಿ ಹಾಕಿಸುವುದು, ಪಾಸ್ ಹಂಚುವುದು, ಕಲಾವಿದರ ಊಟ ನೋಡಿಕೊಳ್ಳುವುದು ಎಂದು ಸಂಜೆಗಳೆಲ್ಲ ಮುಗಿಯುತ್ತವೆ. ಇಂಥ ಉತ್ಸವ ನಡೆಸುವ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ 1939ರಲ್ಲಿ ಶುರುವಾದದ್ದು. ಇಂಥ ಪರಂಪರೆ ನಿಂತಿರುವುದು ಸ್ವಯಂಸೇವಕರ ದುಡಿಮೆಯ ಮೇಲೂ ಹೌದು. ಆದರೆ ಊರಿನ ಕಛೇರಿಗಳಿಗೆಲ್ಲ ಓಡಾಡುವವರ ಮನೆಯಲ್ಲಿ ಶ್ರುತಿಪೆಟ್ಟಿಗೆ ಮೌನವಾಗಿರುವುದೂ ಅಪರೂಪವಲ್ಲ. ಸಮಿತಿಗೆ ಮೊದಲೇ ‘ವಾರಕ್ಕೆರಡು ಸಂಜೆ ಮಾತ್ರ’ ಎಂದು ಹೇಳಿಬಿಡುವುದು ಒಳ್ಳೆಯದು. ಉತ್ಸವದ ನಡುವೆ ಕೈಕೊಡುವುದಕ್ಕಿಂತ ಅದೇ ಮರ್ಯಾದೆ.

ಅಭ್ಯಾಸಕ್ಕೆ ಉಳಿದದ್ದು ಬೆಳಗಿನ ಕುಕ್ಕರ್ ಕೂಗುವ ಮುಂಚಿನ ಹೊತ್ತು, ಇಲ್ಲವೇ ರಾತ್ರಿ. ವೀಣೆಯದು ಮೆಲುದನಿ, ಹತ್ತು ಗಂಟೆಗೆ ಕೂತರೂ ಪಕ್ಕದ ಮನೆಯವರು ಬಾಗಿಲು ತಟ್ಟುವುದಿಲ್ಲ.