ಎಣಿಸುತ್ತಿರುವಾಗಲೇ ಅಳಿಸಿದರೆ?

ಮೈಸೂರು ಜಿಲ್ಲೆಯ ಹೆಮ್ಮಿಗೆಯಂತಹ ಒಂದು ಗ್ರಾಮದ ಮತದಾರರ ಪಟ್ಟಿಯನ್ನು ಗಣಕಯಂತ್ರದಲ್ಲಿ ಇಟ್ಟಿರುವೆವೆಂದು ಭಾವಿಸೋಣ. ಮೃತರ ಹೆಸರುಗಳನ್ನು ಅದರಿಂದ ತೆಗೆಯಬೇಕಾಗಿದೆ. ಮೊದಲಿನಿಂದ ಒಂದೊಂದೇ ಹೆಸರನ್ನು ನೋಡುತ್ತ, ಮೃತರದು ಬಂದೊಡನೆ ಅಳಿಸುತ್ತ ಹೋಗುವುದೇ ಸಹಜವಾದ ಕ್ರಮವೆಂದು ನಮಗೆ ತೋರುವುದು. ಆದರೆ ಇದರಲ್ಲಿ ಒಂದು ತೊಡಕುಂಟು.

2 ಮತ್ತು 3ನೆಯ ಸ್ಥಾನಗಳಲ್ಲಿರುವ ಇಬ್ಬರೂ ಮೃತರೆನ್ನಿ. 2ನೆಯ ಹೆಸರನ್ನು ಅಳಿಸಿದೊಡನೆ ಕೆಳಗಿನವೆಲ್ಲವೂ ಒಂದೊಂದು ಸ್ಥಾನ ಮೇಲೇರುತ್ತವೆ, 3ನೆಯದು 2ನೆಯದಾಗುತ್ತದೆ. ಯಂತ್ರವಾದರೋ ತನ್ನ ಎಣಿಕೆಯಂತೆ 3ನೆಯ ಸ್ಥಾನಕ್ಕೆ ನಡೆಯುತ್ತದೆ. ಮೇಲೇರಿದ ಹೆಸರನ್ನು ಅದು ನೋಡುವುದೇ ಇಲ್ಲ. ಮೃತನೊಬ್ಬನು ಮತದಾರನಾಗಿಯೇ ಉಳಿಯುತ್ತಾನೆ! ಪೈಥಾನ್ ಭಾಷೆಯ ಲಿಸ್ಟ್ ಈ ಪ್ರಮಾದವನ್ನು ಸದ್ದಿಲ್ಲದೆ ನಡೆಯಗೊಡುತ್ತದೆ. ಜಾವಾ ಭಾಷೆಯ ಅರೇಲಿಸ್ಟ್ ಸಾಮಾನ್ಯವಾಗಿ ದೋಷವನ್ನು ಸಾರಿ ನಿಂತುಬಿಡುತ್ತದೆ. ಹೀಗೆ ನಿಲ್ಲುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ನೋಡುತ್ತ ಬಂದರೆ ತೊಡಕಿಲ್ಲ; ಸ್ಥಾನ ಬದಲಿಸುವವು ಆಗಲೇ ನೋಡಿಯಾದ ಹೆಸರುಗಳು ಮಾತ್ರ. ಉಳಿಯಬೇಕಾದವರನ್ನಷ್ಟೇ ಹೊಸ ಪಟ್ಟಿಯಲ್ಲಿ ಬರೆದುಕೊಳ್ಳುವುದು ಇನ್ನೂ ಸುಲಭ. ಆದರೆ ಯಂತ್ರದ ಸ್ಮೃತಿಯಲ್ಲಿ ಹೆಚ್ಚು ಜಾಗ ಬೇಕು.

ಮೂರನೆಯ ಉಪಾಯ ಮುದ್ರಿತ ಮತದಾರರ ಪಟ್ಟಿಯಲ್ಲಿಯೇ ಇದೆ. ಅಲ್ಲಿ ಕೈಬಿಟ್ಟ ಹೆಸರನ್ನು ಒಡನೆಯೇ ಕಿತ್ತುಹಾಕುವುದಿಲ್ಲ. ಅದರ ಮೇಲೆ ಗುರುತೊತ್ತಿ, ಕ್ರಮಸಂಖ್ಯೆಯನ್ನು ಹಾಗೆಯೇ ಇರಿಸುತ್ತಾರೆ. ಹೊಸ ಹೆಸರುಗಳು ಪೂರಕ ಪಟ್ಟಿಗೆ ಸೇರುತ್ತವೆ. ಆದುದರಿಂದ ಉಳಿದವರ ಸಂಖ್ಯೆ ಕದಲದು. ಪ್ರೋಗ್ರಾಂ ಬರೆಯುವವರೂ ಹೀಗೆಯೇ ಲೂಪ್ ನಡೆಯುತ್ತಿರುವಾಗ ಗುರುತನ್ನು ಮಾತ್ರ ಹಾಕಿ, ಅದು ಮುಗಿದ ಮೇಲೆ ಗುರುತಾದವನ್ನೆಲ್ಲ ಒಟ್ಟಿಗೆ ತೆಗೆಯಬಹುದು.